ಹಾಡುಹಕ್ಕಿಗಳನ್ನು ಅರಸಿ ಕೊಡಗಿಗೆ ಹೊರಡುವವರಿಗೆ

ಹಾಡುಹಕ್ಕಿಗಳಿಗಾಗಿ ಕೊಡಗಿಗೆ ಹೊರಡುವವರು ಊರಿಗಿಂತ ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಬೇಕು. ಡಿಸೆಂಬರ್ ರಜೆಯಲ್ಲಿ ಹಕ್ಕಿಗಳು ಧಾರಾಳವಾಗಿ ಕಾಣಸಿಗುತ್ತವೆ, ವಲಸೆ ಬಂದ ಉಲಿಯಕ್ಕಿಗಳೂ ಜೊತೆಗಿರುತ್ತವೆ; ಆದರೆ ನೆಲೆಯನ್ನು ಕಾಯಲು ಮತ್ತು ಹೆಣ್ಣನ್ನು ಸೆಳೆಯಲು ಗಂಡು ಹಾಡುವ ದೀರ್ಘವಾದ ಹಾಡು ಕೇಳಬೇಕೆಂದರೆ ಬೇಸಿಗೆಯ ಮಳೆ ಬಿದ್ದ ಮೇಲೆಯೇ ಹೋಗಬೇಕು. ನಾವು ಮೇ ತಿಂಗಳ ಕೊನೆಯಲ್ಲಿ ಹೋಗಿ, ಕಕ್ಕಬ್ಬೆಯ ಸಮೀಪ ಕಾಫಿ ತೋಟವೊಂದರಲ್ಲಿ ಉಳಿದುಕೊಂಡೆವು. ಜಿಲ್ಲೆಯಲ್ಲಿ ರೈಲು ನಿಲ್ದಾಣವಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಮಡಿಕೇರಿ ಮತ್ತು ನಾಪೋಕ್ಲು ಮಾರ್ಗವಾಗಿ ಹೋಗಬಹುದು.

ನಸುಕಿನಲ್ಲಿ ಮೊದಲು ದನಿ ತೆಗೆಯುವವುಗಳಲ್ಲಿ ಒಂದು, ಎತ್ತರದ ಕೊಂಬೆಯ ತುದಿಯಲ್ಲಿ ಕೂರುವ ಮಡಿವಾಳ ಹಕ್ಕಿ. ಅದರ ಹಿಂದೆಯೇ ತೊರೆಯ ಕಡೆಯಿಂದ ಮಲಬಾರ್ ಸಿಳ್ಳಾರದ ದನಿ ಕೇಳುತ್ತದೆ. ಯಾರೋ ಹುಡುಗ ರಾಗ ಮರೆತು ಮರೆತು ಸಿಳ್ಳೆ ಹಾಕುತ್ತಿರುವಂತಹ ಈ ಹಾಡು ಗಂಟಲಿನದಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿರುವ ಸಿರಿಂಕ್ಸ್ ಎಂಬ ಅಂಗದಿಂದ ಅದು ಹೊಮ್ಮುತ್ತದೆ. ಕಪ್ಪು ಮಿಶ್ರಿತ ನೀಲಿ ಮೈ, ಹಣೆ ಮತ್ತು ಭುಜದಲ್ಲಿ ಹೊಳೆಯುವ ನೀಲಿ ಪಟ್ಟೆ ಇರುವ ಈ ಹಕ್ಕಿ ತೊರೆಯ ಬಂಡೆಗಳ ನಡುವೆ ಕೀಟ, ಎರೆಹುಳು, ಏಡಿ, ಸಣ್ಣ ಕಪ್ಪೆಗಳನ್ನು ಹಿಡಿಯುತ್ತದೆ; ಹಣ್ಣನ್ನೂ ತಿನ್ನುತ್ತದೆ. ನನ್ನ ಮಟ್ಟಿಗೆ ಇದೊಂದನ್ನು ಕೇಳುವುದಕ್ಕಾಗಿಯೇ ಈ ಪ್ರಯಾಣ ಮಾಡಬಹುದು.

ಉಳಿದವುಗಳನ್ನು ಅವುಗಳ ಊಟದ ಜಾಡು ಹಿಡಿದು ಹುಡುಕುವುದು ಸುಲಭ. ಹಣ್ಣಾದ ಅತ್ತಿ, ಬಸರಿ ಮರಗಳ ಕೆಳಗೆ ಸುಮ್ಮನೆ ನಿಂತರೆ ಪಿಕಳಾರಗಳು ತಾವಾಗಿಯೇ ಬರುತ್ತವೆ. ಬದನಿಕೆ ಬೆಳೆದ ಕೊಂಬೆಗಳಲ್ಲಿ ಬದನಿಕೆ ಹಕ್ಕಿಯನ್ನೂ ಹೂಬಿಟ್ಟ ಗಿಡಗಳಲ್ಲಿ ಸೂರಕ್ಕಿಯನ್ನೂ ನೋಡಬಹುದು. ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವ ಭೀಮರಾಜ ಕಿವಿಯನ್ನು ಮೋಸಗೊಳಿಸುತ್ತದೆ; ಕಣ್ಣಿಗೆ ಬೀಳುವವರೆಗೆ ಪಟ್ಟಿಯಲ್ಲಿ ಹೆಸರು ಬರೆಯಬೇಡಿ.

ತಂಗುವ ತೋಟವನ್ನು ಆರಿಸುವಾಗ ನೆರಳಿನ ಮರಗಳ ಬಗ್ಗೆ ವಿಚಾರಿಸಿ. ಹಲವೆಡೆ ಕಾಡುಮರಗಳ ಜಾಗದಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಿದೆ. ಅದು ಮೆಣಸಿನ ಬಳ್ಳಿಗೆ ಅನುಕೂಲವಾದರೂ ಅತ್ತಿ, ಬಸರಿಯಂತೆ ಹಕ್ಕಿಗೆ ಹಣ್ಣು ಕೊಡುವುದಿಲ್ಲ. ಕೀಟನಾಶಕದ ಸಿಂಪಡಣೆ ಮರಿಗಳಿಗೆ ಉಣಿಸುವ ಹುಳುಗಳನ್ನೇ ಇಲ್ಲವಾಗಿಸುತ್ತದೆ. ಪ್ರವಾಸಿಗರಿಂದಲೂ ತೊಂದರೆಯುಂಟು: ಮೊಬೈಲಿನಲ್ಲಿ ಹಾಡು ನುಡಿಸಿ ಕರೆದರೆ, ಗೂಡು ಕಟ್ಟುವ ಕಾಲದಲ್ಲಿ ಗಂಡು ಹಕ್ಕಿಯು ಅಲ್ಲಿ ಇಲ್ಲವೇ ಇಲ್ಲದ ಎದುರಾಳಿಯನ್ನು ಹುಡುಕುತ್ತಾ ದಣಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಿರಿ. ಹಾಡು ಕೇಳಲಿಕ್ಕಷ್ಟೇ ಆದರೆ ಶಿಖರ ಅನಿವಾರ್ಯವಲ್ಲ. ಜಿಗಣೆಗಳಿಗಾಗಿ ಉದ್ದನೆಯ ಕಾಲುಚೀಲ ಇರಲಿ. ತೋಟಗಳಲ್ಲಿ ಆನೆ ಓಡಾಡುವುದರಿಂದ ಕತ್ತಲಿರುವಾಗ ಅಂಗಳ ದಾಟದೆ ಜಗಲಿಯಲ್ಲಿಯೇ ಕುಳಿತು ಕೇಳಿ, ಬೆಳಕಾದ ಬಳಿಕ ತೋಟದವರನ್ನು ಕೇಳಿಕೊಂಡೇ ಹೊರಡಿ.