ಖಟಕ್ ರೊಟ್ಟಿ ಎಷ್ಟು ದಿನ ಇರ್ತಾವ್ರಿ?

ವಿಜಯಪುರದಿಂದ ಬೆಂಗಳೂರಿಗೆ ಹೊರಟ ಮಕ್ಕಳಿಗೆ ಬುತ್ತಿ ಕಟ್ಟುವ ತಾಯಂದಿರು ನನ್ನನ್ನು ಕೇಳುವುದು ಇದೊಂದೇ: "ಅಕ್ಕಾರ, ಖಟಕ್ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ದಿನ ಇರ್ತಾವ್ರಿ?"

ದಿನ ಎಣಸೂದಕ್ಕಿಂತ ಮೊದಲು ನೀರು ನೋಡ್ರಿ ಅಂತೀನಿ. ಬೆಳಿಗ್ಗೆ ಬಡಿದ ಮೆತ್ತನೆಯ ಜೋಳದ ರೊಟ್ಟಿ ಮರುದಿನ ದಾಟಿದರೆ ಬೂಸ್ಟಿನ ಭಯ. ಅದೇ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿಯುವಷ್ಟು ಒಣಗಿಸಿದರೆ ಅದು ಖಟಕ್ ರೊಟ್ಟಿ, ತಿಂಗಳಾದರೂ ಇರುತ್ತದೆ. ಹಿಟ್ಟು ಅದೇ, ಕೈ ಅದೇ, ಹೋದದ್ದು ನೀರು ಮಾತ್ರ. ಹಾಗಾಗಿ ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಉಗಿ ಒಳಗೇ ನೀರಾಗಿ ಮತ್ತೆ ರೊಟ್ಟಿಗೆ ಇಳಿಯುತ್ತದೆ. ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.

ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಲೆಕ್ಕ ಬೇರೆ. ಶೇಂಗಾ ಹುರಿದು ಒಣಗಿದ್ದರೂ ಬೆಳ್ಳುಳ್ಳಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಹಸಿ ಬೆಳ್ಳುಳ್ಳಿ ಕುಟ್ಟಿ ಹಾಕಿದ ಹಿಂಡಿಯನ್ನು ಹೊರಗೆ ಎರಡು ವಾರಕ್ಕಿಂತ ಹೆಚ್ಚು ಇಡಬೇಡಿ ಎಂದೇ ನಾನು ಹೇಳುವುದು. ದೂರದ ಊರಿಗೆ ಬೆಳ್ಳುಳ್ಳಿ ಇಲ್ಲದ್ದನ್ನೇ ಕಳಿಸಿ. ಅದು ತಡೆಯುತ್ತದೆ, ಆದರೆ ಎಣ್ಣೆಯ ಪದಾರ್ಥ. ಗಾಳಿ, ಬಿಸಿಲು ತಾಗಿದರೆ ಕಮಟು ಬರುತ್ತದೆ. ಸಜ್ಜಿ ಹಿಟ್ಟಿನದೂ ಇದೇ ಗೋಳು. ಕಾಳಿನೊಳಗೆ ಭದ್ರವಾಗಿದ್ದ ಎಣ್ಣೆಯಂಶ ಗಿರಣಿಯಲ್ಲಿ ಬೀಸಿದೊಡನೆ ಗಾಳಿಗೆ ತೆರೆದುಕೊಂಡು, ವಾರ ಹತ್ತು ದಿನದಲ್ಲಿ ಹಿಟ್ಟು ಕಹಿಯಾಗುತ್ತದೆ. ಕಾಳು ಹೆಚ್ಚು ಇಟ್ಟುಕೊಳ್ಳಿ, ಹಿಟ್ಟು ಕಡಿಮೆ ಬೀಸಿಸಿ. ನಮ್ಮ ಹಿರಿಯರು ಕಾಳು ಕೂಡಿಡುವ ನೆಲದೊಳಗಿನ ಹಗೇವಿನಲ್ಲಿ ತುಂಬುತ್ತಿದ್ದದ್ದೂ ಜೋಳ, ಹಿಟ್ಟಲ್ಲ.

ಯಾರೂ ಕೇಳದಿದ್ದರೂ ನಾನು ಹೇಳಿಯೇ ಕಳಿಸುವ ಮಾತು ಅನ್ನದ್ದು. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಅನ್ನ ರಾತ್ರಿವರೆಗೆ ಕಟ್ಟೆಯ ಮೇಲೆಯೇ ಇರುತ್ತದೆ, ಆಮೇಲೆ ಒಗ್ಗರಣೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದಷ್ಟು ಹೊತ್ತು ಅವು ಮೊಳೆತು, ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೂ ಹೋಗದು, ಮೂಗಿಗೂ ಸಿಗದು. ಬೇಸಿಗೆಯಲ್ಲಿ ತಾಸಿನೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್‌ಗೆ ಇಡಿ, ಮರುದಿನವೇ ಮುಗಿಸಿ.

ಬೂಸ್ಟು ಹಿಡಿದ ಶೇಂಗಾ ಸಿಕ್ಕರೆ? "ಹುರಿದ್ರ ಹೋಗ್ತದ ಬಿಡ್ರಿ" ಎನ್ನುವವರಿದ್ದಾರೆ. ಹೋಗುವುದಿಲ್ಲ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ನಾಶವಾಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಶೇಂಗಾ ಹಿಂಡಿಯ (ಚಟ್ನಿಪುಡಿಯಲ್ಲ, ಎಣ್ಣೆ ತೆಗೆದು ಉಳಿದದ್ದು) ಮೇವಿನಿಂದ. ಈ ವಿಷ ಪತ್ತೆಯಾದದ್ದೇ ಹಾಗೆ. ಚೆಲ್ಲಲು ಮನಸ್ಸಾಗದೆ ಎಮ್ಮೆಗೆ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಕಬೇಡಿ. ಎಮ್ಮೆ ತಿಂದ ವಿಷ ಹಾಲಿನಲ್ಲಿ ಇಳಿದು ಮತ್ತೆ ಮನೆಯ ಕೂಸಿನ ಬಟ್ಟಲಿಗೇ ಬರುತ್ತದೆ.