ಕಲ್ಲಲ್ಲ

ಬೆನ್ನಿನ ಚರ್ಮ ಸುಲಿಯಲು ಶುರುವಾಗಿದೆ. ಭುಜಕ್ಕೆ ಬಟ್ಟೆ ತಾಕಿದರೂ ಉರಿ. ಅದಕ್ಕೆ ಮುಲಾಮು ಇದೆ, ದಿನಕ್ಕೆ ಮೂರು ಸಲ ಹಚ್ಚಿಕೊಳ್ಳುತ್ತಿದ್ದೇನೆ. ಆದರೆ ಭಾನುವಾರ ಆ ಹುಡುಗ ಹೇಳಿದ ಮಾತಿಗೆ ಏನು ಹಚ್ಚಬೇಕೋ ಗೊತ್ತಾಗುತ್ತಿಲ್ಲ.

"ನಾಟ್ ಸ್ಟೋನ್, ಮ್ಯಾಡಮ್."

ಅಷ್ಟೇ. ಬೈಯಲಿಲ್ಲ, ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೂ ನಾಲ್ಕು ಮಾತಾಡಿ, ಮುಖ ಊದಿಸಿಕೊಂಡು ಕೂತು, ಸಂಜೆ ಹೊತ್ತಿಗೆ ಮರೆತುಬಿಡುತ್ತಿದ್ದೆ.

ನಾನು ಎಲ್ಲಿಗೆ ಹೋಗುವುದಿದ್ದರೂ ಓದಿಕೊಂಡು ಹೋಗುವವರ ಪೈಕಿ. ಮಗಳು ಇದಕ್ಕೆ 'ಅಮ್ಮನ ಪರೀಕ್ಷೆ ತಯಾರಿ' ಅಂತ ಹೆಸರಿಟ್ಟಿದ್ದಾಳೆ. ಈ ಸಲ ಇದ್ದದ್ದು ಒಂದೇ ದಿನದ ಹಾಯಿದೋಣಿ ಪಯಣ. ಮೂರು ಪುಟ್ಟ ದ್ವೀಪ, ಎರಡು ಕಡೆ ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಹಾಕಿ, ಬಾಯಿಗೆ ಉಸಿರಾಟದ ನಳಿಕೆ ಕಚ್ಚಿ, ಮುಖ ನೀರಲ್ಲಿಟ್ಟು ತೇಲುವುದು. ಅದಕ್ಕೂ ಒಂದು ವಾರ ಓದಿದ್ದೆ. ಹವಳ ಗಿಡವಲ್ಲ, ಪ್ರಾಣಿ. ಚಿಕ್ಕ ಚಿಕ್ಕ ಬಾಯಿಗಳ ದೊಡ್ಡ ಸಂಸಾರ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಿನಿಂದ ಅನ್ನ ಮಾಡಿ ಬಾಡಿಗೆ ಕಟ್ಟುತ್ತದೆ. ನೀರು ಜಾಸ್ತಿ ದಿನ ಬಿಸಿಯಾಗಿಯೇ ಉಳಿದರೆ ಹವಳ ಈ ಬಾಡಿಗೆದಾರರನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಆಮೇಲೂ ನೀರು ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಮೊದಲ ಸಲ ಜಗತ್ತಿನ ಉದ್ದಗಲಕ್ಕೂ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಸಲ ಅಂತ ವಿಜ್ಞಾನಿಗಳು ಘೋಷಿಸಿದರು. ಇಷ್ಟೂ ನನಗೆ ಬಾಯಿಪಾಠ.

ಓದಿದ್ದು ಹೊಟ್ಟೆಯಲ್ಲಿ ಉಳಿಯಬೇಕಲ್ಲ. ದೋಣಿ ಹತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ, ಎದುರು ಕೂತಿದ್ದ ಒಬ್ಬರು ಸನ್‌ಸ್ಕ್ರೀನ್ ಡಬ್ಬಿ ತೆಗೆದು ಕೈಕಾಲಿಗೆಲ್ಲ ಬಳಿದುಕೊಳ್ಳಲು ಶುರು ಮಾಡಿದರು. ಗೋಡೆಗೆ ಸುಣ್ಣ ಹೊಡೆದ ಹಾಗೆ. ಅವರನ್ನು ಕ್ಯಾಮೆರಾ ಅಂಕಲ್ ಅನ್ನೋಣ. ಕುತ್ತಿಗೆಗೆ ನೀರು ನುಗ್ಗದ ಪುಟ್ಟ ಕ್ಯಾಮೆರಾ ನೇತುಹಾಕಿಕೊಂಡು ದೋಣಿ, ಹಗ್ಗ, ಹಕ್ಕಿ, ಕೊನೆಗೆ ನಮ್ಮ ಚಪ್ಪಲಿಗಳನ್ನೂ ಚಿತ್ರೀಕರಿಸಿದ್ದರು. ನನಗೆ ಇಂಥವರನ್ನು ಕಂಡರೆ ಮೊದಲಿಂದಲೂ ಸ್ವಲ್ಪ ಅಸಡ್ಡೆ. ಕಣ್ಣಿಂದ ನೋಡುವುದೇ ಇಲ್ಲವಲ್ಲ ಅಂತ.

"ಅದರಲ್ಲಿ ಆಕ್ಸಿಬೆಂಜೋನ್ ಇದೆಯಾ ನೋಡಿದ್ರಾ?" ಅಂದೆ.

ಬಿಸಿಲು ತಡೆಯಲು ಸನ್‌ಸ್ಕ್ರೀನ್‌ಗೆ ಹಾಕುವ ಒಂದು ರಾಸಾಯನಿಕ ಅದು. ಅವರು ಡಬ್ಬಿ ತಿರುಗಿಸಿ ನೋಡಿದರು. ಇತ್ತು. ನಾನು ಬಿಡಲಿಲ್ಲ. ಪೆಸಿಫಿಕ್ ಸಾಗರದ ಪಲಾವ್ ಅನ್ನುವ ದ್ವೀಪದೇಶದಲ್ಲಿ 2020ರಿಂದ, ಹವಾಯಿಯಲ್ಲಿ 2021ರಿಂದ ಇಂಥದ್ದನ್ನು ಮಾರುವ ಹಾಗೇ ಇಲ್ಲ, ಹವಳದ ಮರಿಗಳಿಗೆ ತೊಂದರೆ ಅಂತಲೇ ನಿಲ್ಲಿಸಿದ್ದು ಎಂದೆಲ್ಲ ಒಪ್ಪಿಸಿದೆ. ಪಾಪ, ಅವರು "ಗೊತ್ತಿರಲಿಲ್ಲ" ಅಂದು ಡಬ್ಬಿ ಮುಚ್ಚಿ, ತುಂಬುತೋಳಿನ ಅಂಗಿ ಹಾಕಿಕೊಂಡರು. ನಾನು ಗೆದ್ದವಳ ಹಾಗೆ ಕೂತೆ. ಮಗಳು ಸಮುದ್ರದ ಕಡೆ ಮುಖ ತಿರುಗಿಸಿದಳು.

ಹೀಗೆ ಹೇಳಿದ ಮೇಲೆ ನಾನೂ ಏನೂ ಹಚ್ಚಿಕೊಳ್ಳುವ ಹಾಗಿರಲಿಲ್ಲ. ತುಂಬುತೋಳಿನ ಅಂಗಿ ನಾನು ತಂದೂ ಇರಲಿಲ್ಲ. ಬೆನ್ನಿನ ಕಥೆ ಇಷ್ಟೇ.

ಹಾಯಿದೋಣಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಇಂಜಿನ್ ನಿಲ್ಲಿಸಿ ಹಾಯಿ ಏರಿಸಿದ ಆ ಕ್ಷಣವೇ ಇಡೀ ದಿನದ ದುಡ್ಡು ವಸೂಲಿ. ಇದ್ದಕ್ಕಿದ್ದಂತೆ ಸದ್ದೇ ಇಲ್ಲ. ಹಗ್ಗ ಕಿರ್ ಅನ್ನುತ್ತದೆ, ನೀರು ದೋಣಿಯ ಪಕ್ಕೆ ಸವರಿಕೊಂಡು ಹೋಗುತ್ತದೆ, ಅಷ್ಟೇ. ಗಾಳಿ ಎದುರಿಂದಲೇ ಬರುತ್ತಿತ್ತು. ಎದುರುಗಾಳಿಗೆ ನೇರವಾಗಿ ಮುಖ ಕೊಟ್ಟರೆ ಯಾವ ಹಾಯಿದೋಣಿಯೂ ಮುಂದೆ ಹೋಗುವುದಿಲ್ಲ. ಹಾಗಾಗಿ ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ. ಕಣ್ಣೆದುರೇ ಇದ್ದ ದ್ವೀಪ ಮುಟ್ಟಲು ಒಂದು ಗಂಟೆ ಹಿಡಿಯಿತು. ಕ್ಯಾಪ್ಟನ್ ಮಾತಿಲ್ಲದ ಮನುಷ್ಯ. ದಿಕ್ಕು ಬದಲಿಸುವಾಗ ಮಾತ್ರ "ತಲೆ!" ಅಂತ ಕೂಗುತ್ತಿದ್ದರು. ಎಲ್ಲರೂ ಬಗ್ಗುತ್ತಿದ್ದೆವು. ಹಾಯಿಯ ಅಡಿಯ ಅಡ್ಡಕಂಬ ತಲೆಯ ಮೇಲಿಂದ ಸುಯ್ ಅಂತ ಆಚೆಗೆ ಹೋಗುತ್ತಿತ್ತು. ತಪ್ಪು ತಿಳಿಯಬೇಡಿ, ಆ ದೋಣಿಯಲ್ಲಿ ಅವರ ಮಾತಿಗೆ ಇದ್ದ ಬೆಲೆ ನನ್ನ ಯಾವ ಮಾತಿಗೂ ಇರಲಿಲ್ಲ.

ದ್ವೀಪದ ಬಳಿ ಲಂಗರು ಹಾಕಲಿಲ್ಲ. ಮೊದಲೇ ತೇಲಿಬಿಟ್ಟಿದ್ದ ದೊಡ್ಡ ಚೆಂಡಿನಂಥ ಗುರುತಿಗೆ ಹಗ್ಗ ಕಟ್ಟಿದರು. ಲಂಗರು ಬಿದ್ದ ಕಡೆ ಹವಳ ಪುಡಿಯಾಗುತ್ತದೆ, ಅದಕ್ಕೆ. ಇದೂ ನನಗೆ ಗೊತ್ತಿತ್ತು. ಮಗಳಿಗೆ ಪಿಸುಮಾತಿನಲ್ಲಿ ಹೇಳಿದೆ ಕೂಡ.

ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗ. ಮಾಸ್ಕಿನ ಗಾಜಿಗೆ ಒಳಗಿನಿಂದ ಉಗುಳಿ ಒರೆಸಿಕೊಳ್ಳಿ, ಮಂಜು ಕಟ್ಟುವುದಿಲ್ಲ ಅಂದ. ಏನನ್ನೂ ಮುಟ್ಟಬೇಡಿ, ಎಲ್ಲೂ ನಿಲ್ಲಬೇಡಿ, ಸುಸ್ತಾದರೆ ಅಂಗಾತ ಮಲಗಿ ತೇಲಿ ಅಂದ. ಮೊದಲ ಬೆಂಚಿನ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸಿದೆ.

ನೀರಿನೊಳಗೆ ಮುಖ ಇಟ್ಟ ಮೇಲೆ ಓದಿದ್ದೆಲ್ಲ ಎಲ್ಲಿ ಹೋಯಿತೋ. ಹಳದಿ ಮೀನು, ನೀಲಿ ಮೀನು, ಪಟ್ಟೆ ಮೀನು. ನನ್ನ ಪಾಲಿಗೆ ಎಲ್ಲವೂ ಬರೀ ಬಣ್ಣ. ಒಂದು ಗಿಣಿಮೀನು ಮಾತ್ರ ಗುರುತು ಸಿಕ್ಕಿತು. ಬಂಡೆ ಕೆರೆಯುತ್ತಿತ್ತು, ಹಿಂದಿನಿಂದ ಬಿಳಿ ಪುಡಿ ಹೊಗೆಯ ಹಾಗೆ ಬಿಡುತ್ತಿತ್ತು. ಇಂಥ ದ್ವೀಪಗಳ ಬಿಳಿ ಮರಳಿನಲ್ಲಿ ಒಂದಷ್ಟು ಪಾಲು ಈ ಮೀನಿನ ಹಿಕ್ಕೆಯೇ. ಆಗಷ್ಟೇ ಫೋಟೋ ತೆಗೆಸಿಕೊಂಡ ಮರಳನ್ನು ನೆನೆದು ನಗು ಬಂತು. ನೀರಿನಲ್ಲಿ ನಕ್ಕರೆ ಮಾಸ್ಕ್ ಸಡಿಲವಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮೂಗಿಗೆ ಉಪ್ಪುನೀರು ನುಗ್ಗಿತು. ಅದೇ ಹೊತ್ತಿಗೆ ಒಂದು ಅಲೆ ನಳಿಕೆಯ ಮೇಲಿಂದ ದಾಟಿ ಬಾಯಿಗೂ ಬಂತು.

ಅಂಗಾತ ಮಲಗಬೇಕು ಅಂತ ತಲೆಗೆ ಗೊತ್ತು. ಕಾಲು ಕೇಳಬೇಕಲ್ಲ. ಕಾಲಿಗೆ ಗೊತ್ತಿರುವುದು ಒಂದೇ, ನೆಲ ಹುಡುಕುವುದು. ಹುಡುಕಿತು. ಸಿಕ್ಕಿತು. ಎದೆಮಟ್ಟದ ನೀರಿನಲ್ಲಿ, ಕಂದು ಬಣ್ಣದ, ಗುಮ್ಮಟದಂಥ ಗಟ್ಟಿ ಜಾಗ. ಎದ್ದು ನಿಂತೆ. ಅಬ್ಬ! ಕೆಮ್ಮಿದೆ, ಮಾಸ್ಕ್ ಹಣೆಗೇರಿಸಿದೆ, ಉಸಿರು ಎಳೆದುಕೊಂಡೆ. ಸುತ್ತ ನೋಡಿ ದೋಣಿ ಎಲ್ಲಿದೆ ಅಂತ ಗುರುತು ಹಾಕಿಕೊಂಡೆ. ಆಮೇಲೆ ಹೇಗೋ ಮತ್ತೆ ತೇಲುತ್ತಿದ್ದೆ. ಪಕ್ಕದಲ್ಲಿ ಹುಡುಗನ ತಲೆ ನೀರಿನಿಂದ ಮೇಲೆ ಬಂತು.

"ನಾಟ್ ಸ್ಟೋನ್, ಮ್ಯಾಡಮ್."

"ಸಾರಿ, ಸಾರಿ" ಅಂದೆ. ಅವನು ತಲೆಯಾಡಿಸಿ, ನನ್ನ ಮಾಸ್ಕಿನ ಪಟ್ಟಿ ಬಿಗಿ ಮಾಡಿ ಹೊರಟುಹೋದ.

ದೋಣಿಗೆ ವಾಪಸ್ ಬಂದ ಮೇಲೆ ಮಗಳು ಟವೆಲ್ ಕೊಡುತ್ತಾ, "ಅಮ್ಮಾ, ಬೆಳಿಗ್ಗೆ ಆ ಅಂಕಲ್‌ಗೆ ಪಾಠ ಮಾಡಿದ್ದು ನೀನೇ ಅಲ್ವಾ?" ಅಂದಳು. ಅಷ್ಟಕ್ಕೇ ಬಿಟ್ಟಳು. ನಮ್ಮವರು "ಹೋಗ್ಲಿ ಬಿಡೇ, ಗೊತ್ತಾಗದೆ ಆಗಿದ್ದು" ಅಂದರು. ಅಲ್ಲೇ ಇರುವುದು ತೊಡಕು. ಗೊತ್ತಾಗದೆ ಆಗಿದ್ದಲ್ಲ. ಆ ದೋಣಿಯಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದವಳು ನಾನೇ.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಅರವತ್ತೈದು ದಾಟಿದ ಒಬ್ಬ ಅಜ್ಜಿ. ಈಜು ಬರುವುದಿಲ್ಲ. ಲೈಫ್ ಜಾಕೆಟ್ ತೊಟ್ಟು, ಹಗ್ಗ ಕಟ್ಟಿದ ತೇಲುಬಳೆ ಹಿಡಿದು, ಮುಖ ನೀರಲ್ಲಿಟ್ಟು ಮುಕ್ಕಾಲು ಗಂಟೆ ಅಲ್ಲಾಡದೆ ತೇಲಿದ್ದರು. ಮೇಲೆ ಬಂದ ಮೇಲೆ ಮೀನಿನ ಸುದ್ದಿಯೇ ಇಲ್ಲ. "ಒಳಗೆ ಸದ್ದಿದೆ, ಕೇಳಿದ್ರಾ?" ಅಂತ ಎಲ್ಲರನ್ನೂ ಕೇಳಿದರು. ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಹವಳದ ಸಂದಿಗಳಲ್ಲಿರುವ ಸಣ್ಣ ಸೀಗಡಿಗಳು ಇಕ್ಕಳದಂಥ ಕೈ ಮಡಚಿ ಚಿಟಿಕೆ ಹೊಡೆಯುವ ಸದ್ದು ಅದು. ನಾನು ಓದಿದ್ದೆ. ಕೇಳಿಸಿಕೊಂಡಿರಲಿಲ್ಲ.

ಹಿಂತಿರುಗುವಾಗ ಹುಡುಗನ ಪಕ್ಕ ಹೋಗಿ ಕೂತೆ. ಅದು ಎಷ್ಟು ವರ್ಷದ್ದು ಅಂತ ಕೇಳಿದೆ. ಅವನು ಎರಡು ಕೈ ಅಗಲಿಸಿ ಆ ಗುಮ್ಮಟದ ಅಳತೆ ತೋರಿಸಿದ. ಆಮೇಲೆ ಕಿರುಬೆರಳಿನ ಉಗುರು ತೋರಿಸಿ "ಒನ್ ಇಯರ್" ಅಂದ. ಗುಮ್ಮಟದಂಥ ಹವಳ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಕೆಲವು ಅಷ್ಟೂ ಇಲ್ಲ. ಲೆಕ್ಕ ಹಾಕಬಾರದಿತ್ತು, ಹಾಕಿದೆ. ನಮ್ಮಜ್ಜಿ ಹುಟ್ಟುವಾಗ ಅದು ಅಲ್ಲಿತ್ತು. ಅದರ ಜೀವ ಇರುವುದೆಲ್ಲ ಮೇಲಿನ ತೆಳು ಪದರದಲ್ಲಿ. ಒಳಗಿರುವುದು ಬರೀ ಸುಣ್ಣದ ಗೂಡು. ನಾನು ನಿಂತದ್ದು ಸರಿಯಾಗಿ ಆ ಪದರದ ಮೇಲೆ.

ಮನೆಗೆ ಬಂದ ಮೇಲೂ ಮಾತು ಬಿಡಲಿಲ್ಲ. ಕಲ್ಲಲ್ಲ. ಕನ್ನಡದಲ್ಲಿ ನಾವು ಅದಕ್ಕೆ ಹೇಳುವುದೇ 'ಹವಳದ ಬಂಡೆ'. ಹವಳ ಅಂದರೆ ನಮಗೆ ನವರತ್ನದ ಪಟ್ಟಿಯಲ್ಲಿರುವ ಕೆಂಪು ಕಲ್ಲು. ಹೆಸರಿನಲ್ಲೇ ಎರಡು ಸಲ ಕಲ್ಲು ಮಾಡಿಟ್ಟಿದ್ದೇವೆ, ಇನ್ನು ಕಾಲಿನ ತಪ್ಪೇನು ಅಂತ ಒಂದು ರಾತ್ರಿ ಸಮಾಧಾನ ಹೇಳಿಕೊಂಡೆ. ನಾವು ಮಾತ್ರ ಅಲ್ಲ. 1720ರ ದಶಕದಲ್ಲಿ ಪೇಸೊನೆಲ್ ಅನ್ನುವ ಫ್ರೆಂಚ್ ವೈದ್ಯರು, ಹವಳದ ಮೇಲೆ ಅರಳುವುದು ಹೂವಲ್ಲ, ಪ್ರಾಣಿ ಎಂದಾಗ ಪ್ಯಾರಿಸ್ಸಿನ ಪಂಡಿತರು ಒಪ್ಪಲಿಲ್ಲ. ಅವರ ಬರಹವನ್ನು ಸಭೆಯ ಮುಂದಿಟ್ಟ ರಿಯೋಮ್ಯೂರ್ ಅನ್ನುವ ವಿಜ್ಞಾನಿ, ನಗೆಪಾಟಲಾಗದಿರಲಿ ಅಂತ ಬರೆದವರ ಹೆಸರನ್ನೇ ಮುಚ್ಚಿಟ್ಟರಂತೆ. ಅಷ್ಟು ಓದಿದವರೇ ಒಪ್ಪಲಿಲ್ಲ ನೋಡಿ ಅಂದುಕೊಂಡೆ. ಆಮೇಲೆ, ಅವರು ಓದಿ ಒಪ್ಪಲಿಲ್ಲ, ನಾನು ಓದಿ ಒಪ್ಪಿಕೊಂಡೂ ನಿಂತೆನಲ್ಲ ಅನ್ನಿಸಿ ಸಮಾಧಾನ ಅಲ್ಲಿಗೇ ಮುಗಿಯಿತು.

ನಿನ್ನೆ ಕ್ಯಾಮೆರಾ ಅಂಕಲ್ ಎಲ್ಲರಿಗೂ ವಿಡಿಯೊ ಕಳಿಸಿದರು. ಯಾರ್‍ಯಾರದ್ದು ಅವರವರಿಗೆ. ಮಗಳಿಗೆ ಬಂದಿದ್ದು ಮೂರು ತುಣುಕು. ಎರಡರಲ್ಲಿ ಮೀನು. ಮೂರನೆಯದರಲ್ಲಿ ನಾನು. ನಾನು ಅಂದರೆ ಕಾಲು ಮಾತ್ರ, ಅವರು ನೀರಿನೊಳಗಿಂದ ತೆಗೆದದ್ದು. ಕಂದು ಗುಮ್ಮಟದ ಮೇಲೆ ಎರಡು ಹಳದಿ ಫಿನ್, ಈಜಲು ಕಾಲಿಗೆ ಹಾಕುವ ರಬ್ಬರ್ ರೆಕ್ಕೆ, ಅತ್ತಿತ್ತ ಕದಲುತ್ತಿವೆ. ಪುಟ್ಟ ನೀಲಿ ಮೀನುಗಳು ದೂರ ಸರಿದು ನಿಂತಿವೆ. ಒಟ್ಟು ಹನ್ನೊಂದು ಸೆಕೆಂಡ್. ಅವರು ಒಂದು ಮಾತೂ ಬರೆದಿರಲಿಲ್ಲ. ಬರೆಯಬಹುದಿತ್ತು. ನಾನಾಗಿದ್ದರೆ ಬರೆಯುತ್ತಿದ್ದೆ.

ಎಂಟನೇ ಸೆಕೆಂಡಿಗೆ ಪಕ್ಕದಿಂದ ಒಂದು ಕೈ ಬರುತ್ತದೆ. ಹುಡುಗನದ್ದು. ನನ್ನ ಕಾಲನ್ನು ಎಳೆಯುವುದಿಲ್ಲ. ಅಂಗೈ ಮೇಲೆ ಮಾಡಿ ಫಿನ್ನಿಗೂ ಹವಳಕ್ಕೂ ನಡುವೆ ತೂರಿಸುತ್ತಾನೆ. ಒಂದು ಗಳಿಗೆ ನನ್ನ ಪೂರ್ತಿ ಭಾರ ಅವನ ಕೈ ಮೇಲಿದೆ. ಆಮೇಲೆ ಮೆಲ್ಲಗೆ ಮೇಲಕ್ಕೆ ಎತ್ತುತ್ತಾನೆ, ಮಲಗಿದ ಮಗುವಿನ ಕಾಲು ಸರಿಸುವ ಹಾಗೆ.

ಇದು ನನಗೆ ತಿಳಿದೇ ಇರಲಿಲ್ಲ. ನಾಲ್ಕು ದಿನದಿಂದ ಮಾತಷ್ಟೇ ಕಿವಿಯಲ್ಲಿತ್ತು.

"ಡಿಲೀಟ್ ಮಾಡ್ಲಾ ಅಮ್ಮಾ?" ಅಂದಳು ಮಗಳು.

"ಇರು, ಇನ್ನೊಂದ್ಸಲ ಹಾಕು" ಅಂದೆ.