ತಿರುವಿನಲ್ಲಿ ಬಾಯಿ ಕಟ್ಟುತ್ತಿದ್ದ ಹಾರ್ನ್

ನಮ್ಮನೆಯ ಹಳೆ ಮಾರುತಿ 800ರ ಹಾರ್ನ್ ನೇರ ರಸ್ತೆಯಲ್ಲಿ ಚೆನ್ನಾಗಿಯೇ ಕೂಗುತ್ತಿತ್ತು. ಸ್ಟೇರಿಂಗ್ ತಿರುಗಿಸಿ ಒತ್ತಿದರೆ ಮಾತ್ರ ಸದ್ದೇ ಇಲ್ಲ. ಬಯಲುಸೀಮೆಯಲ್ಲಾದರೆ ಹೇಗೋ ನಡೆಯುತ್ತಿತ್ತೇನೋ. ತೀರ್ಥಹಳ್ಳಿಯಲ್ಲಿದ್ದುಕೊಂಡು ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆ ಹೋಗಿ ಬರುವವರಿಗೆ ಹಾರ್ನ್ ಬೇಕಾಗುವುದೇ ತಿರುವಿನಲ್ಲಿ, ಅಲ್ವಾ? ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲದಲ್ಲಿ ಮಂಜು ಕವಿದರೆ ಎದುರು ಬರುವ ಗಾಡಿಯ ದೀಪವೂ ತೀರಾ ಹತ್ತಿರ ಬರುವ ತನಕ ಕಾಣುವುದಿಲ್ಲ.

‘ಹಾರ್ನ್ ಸರಿಯಾಗೋ ತನಕ ಘಾಟಿ ಇಳಿಯೋದು ಬೇಡ’ ಎಂದು ಅಪ್ಪಯ್ಯ ಕಾರನ್ನು ಕೊಟ್ಟಿಗೆ ಪಕ್ಕ ನಿಲ್ಲಿಸಿ ಬಸ್ಸಿಗೆ ಹೋಗತೊಡಗಿದರು. ಪೇಟೆಯಲ್ಲಿ ಅವರು ಹಾರ್ನ್ ಮುಟ್ಟುವುದೇ ಕಡಿಮೆ. ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಂತೂ ಒತ್ತಲು ಬಿಡುವುದೇ ಇಲ್ಲ. ಘಾಟಿಯಲ್ಲಿ ಮಾತ್ರ ಪ್ರತಿ ತಿರುವಿಗೂ ಒಂದು ಸಲ ಒತ್ತಲೇಬೇಕು. ಅದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಶಿವಮೊಗ್ಗದ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಕೇಳಿದೆ. ‘ಸ್ಟೇರಿಂಗ್ ಬಿಚ್ಚೋದೆಲ್ಲ ಯಾಕೆ ಸರ್? ಡ್ಯಾಶ್‌ಬೋರ್ಡಿಗೆ ಬೇರೆ ಸ್ವಿಚ್ ಕೊಡ್ತೀನಿ, ನಾಲ್ಕು ಥರ ಕೂಗೋ ಹಾರ್ನ್ ಇದೆ, ಹಾಕಿಸ್ಕೊಳ್ಳಿ’ ಎಂದರು. ಎರಡೂ ಬೇಡ ಎಂದೆ. ಹಲವು ಸ್ವರಗಳು ಒಂದರ ಹಿಂದೊಂದು ಬರುವ ಹಾರ್ನನ್ನು 1989ರ ಮೋಟಾರು ವಾಹನ ನಿಯಮಗಳೇ ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೇರ್‌ಪಿನ್ ತಿರುವಿನಲ್ಲಿ ಸ್ಟೇರಿಂಗ್‌ನಿಂದ ಕೈ ತೆಗೆದು ಸ್ವಿಚ್ ಹುಡುಕುವುದು ಅಪಾಯ. ಹಾರ್ನ್ ಇರಬೇಕಾದ್ದು ಹೆಬ್ಬೆರಳಿನ ಕೆಳಗೆ.

ಕಡೆಗೆ ತೀರ್ಥಹಳ್ಳಿಯಲ್ಲೇ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಸಿಕ್ಕಿದರು. ಮೊದಲು ಫ್ಯೂಸ್ ನೋಡಿದರು, ಸರಿಯಿತ್ತು. ಆಮೇಲೆ ಟೆಸ್ಟ್ ಲ್ಯಾಂಪ್ ಹಿಡಿದು ಮುಂದೆ ಗ್ರಿಲ್ ಹಿಂದಿನ ಹಾರ್ನ್ ಹತ್ತಿರ ಹೋದರು. ಒಂದು ವೈರಿನಲ್ಲಿ ಕರೆಂಟ್ ಇತ್ತು. ಇನ್ನೊಂದು ಟರ್ಮಿನಲ್‌ನಿಂದ ತುಂಡು ವೈರ್ ಎಳೆದು ಕಾರಿನ ಬಾಡಿಗೆ ಮುಟ್ಟಿಸಿದರು. ಹಾರ್ನ್ ಜೋರಾಗಿ ಕೂಗಿತು.

‘ಹಾರ್ನ್ ಏನೂ ಆಗಿಲ್ಲ ಮಾರಾಯ್ರೆ. ಅರ್ತ್ ಸಿಕ್ತಾ ಇಲ್ಲ ಅದಕ್ಕೆ.’

ವಿಷಯ ಇಷ್ಟೇ. ಈ ಕಾರಿನಲ್ಲಿ ಬ್ಯಾಟರಿಯ 12 ವೋಲ್ಟ್ ಹಾರ್ನ್ ತನಕ ಯಾವಾಗಲೂ ಬಂದು ನಿಂತಿರುತ್ತದೆ. ನಾವು ಒತ್ತುವ ಬಟನ್ ಇನ್ನೊಂದು ವೈರನ್ನು ಅರ್ತ್ ಮಾಡುತ್ತದೆ, ಅಂದರೆ ಕಾರಿನ ಬಾಡಿಗೆ ಸೇರಿಸುತ್ತದೆ, ಆಗ ಸದ್ದು ಬರುತ್ತದೆ. ಸ್ಟೇರಿಂಗ್ ತಿರುಗುತ್ತಲೇ ಇರುವುದರಿಂದ ಅಲ್ಲಿ ವೈರನ್ನು ಸುಮ್ನೆ ಕಟ್ಟಿಬಿಡಲು ಆಗುವುದಿಲ್ಲ. ಅದಕ್ಕೇ ಒಂದು ಲೋಹದ ಬಳೆ, ಅದರ ಮೇಲೆ ಉಜ್ಜುತ್ತಾ ಓಡುವ ಸ್ಪ್ರಿಂಗ್ ಕಾಂಟ್ಯಾಕ್ಟ್. ಬಳೆಗೆ ಕಿಲುಬು ಹಿಡಿದರೆ, ಕಾಂಟ್ಯಾಕ್ಟ್ ಸವೆದರೆ ಕೆಲವು ಕಡೆ ಮುಟ್ಟುತ್ತದೆ, ಕೆಲವು ಕಡೆ ಮುಟ್ಟುವುದಿಲ್ಲ. ನಮ್ಮ ಕಡೆ ಮಳೆ, ತೇವ ಗೊತ್ತೇ ಇದೆಯಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಸ್ಟೇರಿಂಗ್‌ಗೂ ಶಾಫ್ಟಿಗೂ ಸೇರಿಸಿ ಗುರುತು ಹಾಕಿದರು, ಮತ್ತೆ ಕೂರಿಸುವಾಗ ವಾರೆ ಆಗಬಾರದಲ್ಲ. ನಟ್ ಸಡಿಲ ಮಾಡಿದರು, ಪೂರ್ತಿ ತೆಗೆಯಲಿಲ್ಲ. ಎಳೆಯುವಾಗ ಸ್ಟೇರಿಂಗ್ ಒಮ್ಮೆಲೇ ಕಿತ್ತು ಮುಖಕ್ಕೆ ಬಡಿಯದಿರಲಿ ಎಂದು. ಈ ಎಚ್ಚರಿಕೆ ನನಗೆ ಬಹಳ ಇಷ್ಟವಾಯಿತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಇದು ಏರ್‌ಬ್ಯಾಗ್ ಇಲ್ಲದ ಕಾರು. ಏರ್‌ಬ್ಯಾಗ್ ಇರುವ ಸ್ಟೇರಿಂಗನ್ನು ಮನೆಯಲ್ಲಿ ಯಾರೂ ಬಿಚ್ಚಲು ಹೋಗಬೇಡಿ.

ಬಳೆಯ ಒಂದು ಭಾಗ ಕಪ್ಪಾಗಿತ್ತು. ನಯವಾದ ಎಮರಿ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ ಒರೆಸಿದರು. ಸವೆದ ಕಾಂಟ್ಯಾಕ್ಟ್ ಬದಲಾಯಿಸಿದರು. ಎಲ್ಲ ಕೂರಿಸಿದ ಮೇಲೆ ‘ಈಗ ಪೂರ್ತಿ ಎಡಕ್ಕೆ ತಿರುಗಿಸಿ ಒತ್ತಿ, ಆಮೇಲೆ ಬಲಕ್ಕೆ’ ಎಂದರು. ಎರಡೂ ಕಡೆ ಕೂಗಿತು. ಮಧ್ಯೆ ಎಲ್ಲಿ ನಿಲ್ಲಿಸಿ ಒತ್ತಿದರೂ ಕೂಗಿತು.

ಆ ಭಾನುವಾರ ಅಪ್ಪಯ್ಯ ಕಾರಿನಲ್ಲೇ ಹೆಬ್ರಿಗೆ ಹೊರಟರು. ನಾನು ಪಕ್ಕದಲ್ಲಿ ಕೂತಿದ್ದೆ. ಮೇಲಿಂದ ಎರಡನೇ ತಿರುವಿನಲ್ಲಿ ಅವರು ಒತ್ತಿದ ಕೂಡಲೇ ಕೆಳಗಿನಿಂದ ಒಂದು ಜೀಪು ತಿರುಗಿ ಕೂಗಿತು. ಅಪ್ಪಯ್ಯ ಬದಿಗೆ ನಿಲ್ಲಿಸಿ ಅದಕ್ಕೆ ದಾರಿ ಬಿಟ್ಟರು.